ಮಾದರಿ ಒಯ್ದವರು ಮಾತು ತರಬೇಕು

ಬಳೇಪೇಟೆಯ ಸಗಟು ಅಂಗಡಿಗಳಲ್ಲಿ ಒಂದು ಕಟ್ಟಳೆ ಉಂಟು. ಯಾರಾದರೂ ವ್ಯಾಪಾರಿ ಒಂದು ಡಜನ್ ಬಳೆಯನ್ನು ಮಾದರಿಗೆಂದು ಒಯ್ದರೆ ಅವನು ತಿರುಗಿ ಬಂದು ಮಾತು ಹೇಳಬೇಕು. ಬೇಕು ಅನ್ನಲಿ, ಬೇಡ ಅನ್ನಲಿ, ನಿಮ್ಮ ಮಾಲು ಬಣ್ಣ ಬಿಡುತ್ತೆ ಅಂತ ಮುಖಕ್ಕೆ ಉಗಿದು ಹೋಗಲಿ, ಅಡ್ಡಿಯಿಲ್ಲ. ಮಾತು ತಾರದೆ ತಲೆ ತಪ್ಪಿಸಿಕೊಂಡವನಿಗೆ ಆಮೇಲೆ ಆ ಬೀದಿಯಲ್ಲಿ ಕೂರಲು ಒಂದು ಸ್ಟೂಲೂ ಸಿಗುವುದಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ. ಬರೆದಿಡುವ ಅಗತ್ಯ ಬಂದಿರಲಿಲ್ಲ.

ಮಹಾನಂದ ಈ ಕಟ್ಟಳೆಯನ್ನು ನಂಬಿ ರಕ್ತ ಕೊಟ್ಟಳು. ಒಂದೂವರೆ ವರ್ಷದಲ್ಲಿ ಆರು ಸಲ ಕೊಟ್ಟಳು. ಕೊಟ್ಟದ್ದು ಊರಿನ ಒಂದು ದೊಡ್ಡ ಆಸ್ಪತ್ರೆಗೆ. ಅವರು ಒಯ್ದರು. ಮಾತು ತರಲಿಲ್ಲ.

ಅವಳಿಗೆ ಈಗ ನಲವತ್ತೊಂದು. ತರಗುಪೇಟೆಯ ಬೇಳೆ ಮಂಡಿಯವರ ಮಗಳು. ಹತ್ತೊಂಬತ್ತಕ್ಕೆ ಬಳೇಪೇಟೆಯ ಶಿವರುದ್ರಪ್ಪನವರ ಮನೆಗೆ ಸೊಸೆಯಾಗಿ ಬಂದಳು. ಕೂಗಳತೆಯ ದಾರಿ, ದಿಬ್ಬಣ ನಡೆದೇ ಬಂತು. ಗಂಡ ಬಸವಪ್ರಭು ಒಳ್ಳೆಯವನು, ಅಂದರೆ ಬಾಯಿ ಸತ್ತವನು. ಅಪ್ಪ ಎದುರಿಗಿದ್ದರೆ ಅವನ ಮಾತು ಗಂಟಲು ದಾಟುವುದಿಲ್ಲ. ಹಾಗಾಗಿ ಅಂಗಡಿಯ ಮುಂದಿನ ಗಾದಿಯ ಮೇಲೆ ಮಾವನ ಪಕ್ಕ ಕೂತು ಗಿರಾಕಿ ನೋಡಿಕೊಂಡವಳು ಸೊಸೆ. ಸಗಟಿನ ಜತೆ ಮದುವೆ, ಸೀಮಂತಕ್ಕೆ ಬಳೆ ತೊಡುವವರೂ ಅಲ್ಲಿಗೆ ಬರುತ್ತಿದ್ದರು. ಮಹಾನಂದ ಅವರ ಕೈ ಹಿಡಿದು ಗೆಣ್ಣುಗಳನ್ನು ಒಮ್ಮೆ ಒತ್ತಿ ಅಳತೆ ಹೇಳುತ್ತಿದ್ದಳು: ಎರಡು-ನಾಲ್ಕು, ಎರಡು-ಆರು, ಎರಡು-ಎಂಟು. ತಪ್ಪಿದ್ದೇ ಇಲ್ಲ. "ಆ ಅಮ್ಮನೇ ತೊಡಿಸ್ಲಿ, ನಾವು ಕಾಯ್ತೀವಿ" ಎಂದು ಬೆಂಚಿನ ಮೇಲೆ ಕೂರುವವರು ಇದ್ದರು. ಆ ಬೀದಿಯಲ್ಲಿ ಅವಳು ಗಳಿಸಿದ ಹೆಸರೆಲ್ಲ ಆ ಗಾದಿಯಿಂದ ಬಂದದ್ದು.

ರೋಗವೂ ಮೊದಲು ಬಳೆಯಲ್ಲೇ ಕಂಡಿತು. ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಅವಳ ಎರಡು-ನಾಲ್ಕು ಬಳೆ ಗೆಣ್ಣು ದಾಟಲಿಲ್ಲ. ಎರಡು-ಎಂಟು ತಂದರೆ ಸರಾಗ ಹೋಯಿತು. ಸಂಜೆಗೆ ಅದೇ ಕೈಗೆ ಎರಡು-ನಾಲ್ಕೇ ಸರಿ. ಬೆಳಗ್ಗೆ ದಪ್ಪ, ಸಂಜೆಗೆ ಸಣ್ಣ. ಇಪ್ಪತ್ತು ದಿನ ಅಳೆದು ನೋಡಿ ಡಾಕ್ಟರ ಬಳಿ ಹೋದಳು.

ಡಾಕ್ಟರುಗಳ ಪುರಾಣ ಹೇಳಿದರೆ ಹೊಟ್ಟೆ ಉರಿಯುತ್ತದೆ. ಒಬ್ಬ ಪಾತ್ರೆ ತೊಳೆಯುವ ಸೋಪು ಬದಲಾಯಿಸಿ ಅಂದ. ಒಬ್ಬಾಕೆ, ಮುಟ್ಟು ನಿಲ್ಲುವ ಕಾಲ ಅಂದಳು. ಮೂವತ್ತಾರಕ್ಕೆ! ಮತ್ತೊಬ್ಬ ಇವಳ ತಲೆಯ ಮೇಲಿಂದ ಬಸವಪ್ರಭುವನ್ನು ನೋಡಿ, "ಮನೇಲಿ ಏನಾದ್ರೂ ಟೆನ್ಷನ್ನಾ ಸಾರ್? ಲೇಡೀಸ್‌ಗೆ ಹೀಗಾಗುತ್ತೆ" ಅಂದ. ಬೆಳಗ್ಗೆ ಎರಡು-ಎಂಟು, ಮಧ್ಯಾಹ್ನ ಎರಡು-ಆರು ಎಂದು ಅವಳು ಲೆಕ್ಕ ಒಪ್ಪಿಸಿದರೆ ನಕ್ಕ. ಹದಿನೇಳು ವರ್ಷ ಸಾವಿರಾರು ಕೈ ಅಳೆದವಳಿಗೆ ತನ್ನ ಕೈ ಅಳೆಯಲು ಬರುವುದಿಲ್ಲ ಎಂದು ಅವನ ತೀರ್ಮಾನ. ಹೀಗೆ ಎರಡು ವರ್ಷ ಹಾಳಾಯಿತು. ಕೂದಲು ಉದುರಿತು, ಬಾಯಲ್ಲಿ ಹುಣ್ಣೆದ್ದಿತು. ಕೆನ್ನೆ, ಮೂಗಿನ ಮೇಲೆ ರೆಕ್ಕೆ ಬಿಚ್ಚಿದ ಹಾಗೆ ಕೆಂಪು ಎದ್ದಿತು. ಬಿಸಿಲಿಗೆ ಹೋದರೆ ಅದು ಕೆಂಡ.

ಆ ಕೆಂಪು ನೋಡಿ ಗಿರಾಕಿಗಳು ಕೈ ಹಿಂದೆಗೆದರು. ಚಾಮರಾಜಪೇಟೆಯಿಂದ ಸೀಮಂತದ ಬಳೆಗೆ ಬಂದಿದ್ದ ಒಬ್ಬ ಅತ್ತೆ, ಬಸುರಿ ಸೊಸೆಯ ಕೈಯನ್ನು ಮಹಾನಂದಳ ಕೈಯಿಂದ ಕಿತ್ತುಕೊಂಡು, "ಬೇರೆ ಯಾರಾದ್ರೂ ಇದಾರಾ ತೊಡ್ಸೋಕೆ?" ಎಂದು ಶಿವರುದ್ರಪ್ಪನವರನ್ನು ಕೇಳಿದಳು. ಶಿವರುದ್ರಪ್ಪನವರು ಹಣೆಯ ವಿಭೂತಿ ಸರಿ ಮಾಡಿಕೊಂಡು, "ಮಹಾನಂದ, ನೀನು ಒಳಗೆ ಗೋಡೌನ್ ನೋಡ್ಕೋ ಹೋಗು" ಅಂದರು. ಅವತ್ತು ಎದ್ದವಳು ಮತ್ತೆ ಆ ಗಾದಿಯ ಮೇಲೆ ಕೂರಲಿಲ್ಲ.

ಮಾವ ಕೆಟ್ಟವರಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ಇರಬಹುದು. ಅವರಿಗೆ ರೋಗ ಅಂದರೆ ಒಂದೇ: ಶಕ್ತಿ ಸಾಲದು. ಕೊರೊನಾ ಬಂದು ಹೋದ ಮೇಲೆ ಈ ಹುಚ್ಚು ಊರಿಗೆಲ್ಲ ಹತ್ತಿದೆ. ರೋಗನಿರೋಧಕ ಶಕ್ತಿ ಅಂತ ಪ್ಯಾಕೆಟ್ಟಿನ ಮೇಲೆ ಬರೆದರೆ ಮಣ್ಣೂ ಮಾರಾಟವಾಗುತ್ತದೆ. ಗ್ರಂಧಿಗೆ ಅಂಗಡಿಯಿಂದ ಅಮೃತಬಳ್ಳಿ, ಅಶ್ವಗಂಧ ತರಿಸಿ ದಿನಾ ಬೆಳಗ್ಗೆ ಒಂದು ದೊಡ್ಡ ಲೋಟ ಕಷಾಯ ಕುಡಿಸಿದರು. "ಮೈ ಗಟ್ಟಿ ಆಗ್ಬೇಕು ಕಣವ್ವ. ನಮ್ಮಮ್ಮ ಹತ್ತು ಹೆತ್ರೂ ಒಂದಿನ ಮಲಗ್ಲಿಲ್ಲ." ಅಂದರೆ ಮಲಗಿದವಳದೇ ತಪ್ಪು ಅಂತ. ಸೋಮವಾರದ ಉಪವಾಸ ಬಿಟ್ಟದ್ದು, ಎರಡು ಮಕ್ಕಳಿಗೇ ಸಾಕು ಅಂದದ್ದು, ಎಲ್ಲ ತಪ್ಪುಗಳೂ ಲೋಟದ ಜತೆಗೇ ಬರುತ್ತಿದ್ದವು.

ಕಾಲು ಊದಿ, ಮೂತ್ರ ನೊರೆ ನೊರೆಯಾಗಿ, ಕಡೆಗೆ ಆಸ್ಪತ್ರೆಗೆ ಸೇರಿಸಿದಾಗ ಹೆಸರು ಸಿಕ್ಕಿತು: ಲೂಪಸ್. ಮೂತ್ರಪಿಂಡಕ್ಕೂ ಏರಿತ್ತು. ದಿನಕ್ಕೆ ಆರು ಮಾತ್ರೆ ಶುರುವಾದವು. ಬದುಕಿದಳು.

ಆ ಆಸ್ಪತ್ರೆಯಲ್ಲಿ ಪ್ರತಿ ಗುರುವಾರ ಲೂಪಸ್‌ನವರ ದಿನ. ಹತ್ತರಲ್ಲಿ ಒಂಬತ್ತು ಜನ ಹೆಂಗಸರು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ಡಾಕ್ಟರ್ ವಸಿಷ್ಠ ಬಸವನಗುಡಿಯ ಹುಡುಗ, ಮೂವತ್ತು ದಾಟಿರಲಿಲ್ಲ, ಕನ್ನಡ ಚೆನ್ನಾಗಿ ಮಾತಾಡುತ್ತಿದ್ದ. ಕಷಾಯದ ವಿಷಯ ಕೇಳಿ ಹಣೆ ಚಚ್ಚಿಕೊಂಡ.

"ಅಮ್ಮಾ, ಇದು ಶಕ್ತಿ ಕಮ್ಮಿಯಾಗಿ ಬಂದ ಕಾಯಿಲೆ ಅಲ್ಲ. ಹೊರಗಿನ ಕ್ರಿಮಿ ಬಂದ್ರೆ ಹೊಡೆಯೋಕೆ ಅಂತ ಮೈಯೊಳಗೆ ಒಂದು ಸೈನ್ಯ ಇದೆ. ನಿಮ್ಮಲ್ಲಿ ಆ ಸೈನ್ಯ ತನ್ನ ಊರಿನ ಮೇಲೇ ಬಿದ್ದಿದೆ. ಕೀಲು, ಚರ್ಮ, ಕಿಡ್ನಿ, ಎಲ್ಲಾ ಕಡೆ. ಅದಕ್ಕೆ ಇನ್ನೂ ಶಕ್ತಿ ಕೊಡೋಕೆ ಹೋಗ್ತೀರಲ್ಲ!"

"ಮತ್ತೆ ಎಲ್ರಿಗೂ ಯಾಕೆ ಹಿಂಗಾಗಲ್ಲ?"

"ಅದೇ ನಾನು ನೋಡ್ತಿರೋದು. ಹೊಡೆಯೋ ಕೋಶಗಳ ಜತೆಗೆ ತಡೆಯೋ ಕೋಶಗಳೂ ಇರ್ತವೆ. ನಿಯಂತ್ರಕ ಕೋಶ ಅಂತೀವಿ. ಸಾಕು ನಿಲ್ಸು, ಇದು ನಮ್ಮ ಮನೆದೇ, ಅಂತ ಹೇಳೋವು. ನಿಮ್ಮಂಥೋರಲ್ಲಿ ಅವು ಕಮ್ಮಿ ಇದಾವಾ, ಇದ್ದೂ ಕೆಲಸ ಮಾಡ್ತಿಲ್ವಾ, ಅದು ಗೊತ್ತಾಗ್ಬೇಕು. ಆರು ಸಲ ರಕ್ತ ಕೊಡ್ತೀರಾ?"

ಮೆರವಣಿಗೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾವಿರ ಜನ ಘೋಷಣೆ ಕೂಗುತ್ತ ನಡೆಯುವಾಗ ಎರಡೂ ಬದಿಗೆ ಹಗ್ಗ ಹಿಡಿದ ಇಪ್ಪತ್ತು ಜನ ಇರುತ್ತಾರೆ. ಯಾವನಾದರೂ ಬಿಸಿ ತಲೆಯವನು ಬೀದಿಯ ಅಂಗಡಿಗೆ ಕಲ್ಲೆತ್ತಿದರೆ ರಟ್ಟೆ ಹಿಡಿದು ಇಳಿಸುವುದು ಅವರ ಕೆಲಸ. ಫೋಟೋದಲ್ಲಿ ಅವರು ಬರುವುದಿಲ್ಲ. ಅವರಿಲ್ಲದ ದಿನ ಮಾತ್ರ ಪೇಪರಿನಲ್ಲಿ ಬರುತ್ತದೆ, ಇಷ್ಟು ಗಾಜು ಒಡೆಯಿತು ಅಂತ. ಮಹಾನಂದ ಗಾದಿಯ ಮೇಲೆ ಕೂತು ಅಂಥ ಮೆರವಣಿಗೆಗಳನ್ನು ಎಷ್ಟೋ ನೋಡಿದ್ದಳು. ಹಗ್ಗದವರು ತನ್ನ ಮೈಯೊಳಗೆ ಎಲ್ಲಿ ಹಾಳಾಗಿ ಹೋದರು ಎಂದು ತಿಳಿಯಬೇಕು ಅನ್ನಿಸಿತು.

"ನೋಡಿ ಆದ್ಮೇಲೆ ನನಗೆ ಹೇಳ್ತೀರಲ್ಲ ಸಾರ್?"

"ಹೇಳೋಣಮ್ಮ, ಅದಕ್ಕೇನು."

ನಾಲ್ಕು ಪುಟದ ಇಂಗ್ಲಿಷ್ ಫಾರಮ್ಮಿಗೆ ಅವಳು ಓದದೆ ಸಹಿ ಹಾಕಿದಳು. ಓದಲು ಬರುತ್ತಿತ್ತು, ಪಿಯುಸಿ ಪಾಸಾದವಳು, ತಿಣುಕಿ ಓದಬಹುದಿತ್ತು. ಆದರೆ ಬಾಯಿಮಾತು ಆದ ಮೇಲೆ ಕಾಗದ ಓದುವುದು ಪೇಟೆಯಲ್ಲಿ ಎದುರಿನವನಿಗೆ ಮಾಡುವ ಅವಮಾನ. ಮಾದರಿ ಕೊಟ್ಟಾಯಿತು, ಮಾತು ಬರುತ್ತದೆ. ಇದು ಅವಳು ಮಾಡಿದ ತಪ್ಪು. ಬೇರೆ ಊರಿನವಳು, ಬೇರೆ ಬೀದಿಯವಳು ಈ ತಪ್ಪು ಮಾಡುತ್ತಿರಲಿಲ್ಲವೇನೋ.

ಮನೆಗೆ ಬಂದು ಅವಳು ಮಾವನಿಗೆ ಕಷಾಯದ ಲೋಟ ವಾಪಸು ಕೊಟ್ಟಳು. "ನಂದು ಶಕ್ತಿ ಕಮ್ಮಿ ಕಾಯಿಲೆ ಅಲ್ವಂತೆ ಮಾವ. ಅಂಟೋದೂ ಅಲ್ವಂತೆ. ರಕ್ತ ನೋಡಿ ಹೇಳ್ತಾರೆ. ಅವರ ಮಾತು ಬಂದ ಮೇಲಾದ್ರೂ ನನ್ನ ಜಾಗದಲ್ಲಿ ನಾನು ಕೂರ್ತೀನಿ."

ಕಟ್ಟಳೆಯ ಮಾತು ಕಿವಿಗೆ ಬಿದ್ದರೆ ಶಿವರುದ್ರಪ್ಪನವರು ಬಗ್ಗುತ್ತಾರೆ. "ಮಾದರಿ ಕೊಟ್ಟಿದೀಯಾ? ಸರಿ. ಮಾತು ಬರ್ಲಿ, ಆಮೇಲೆ ನೋಡಣ."

ಅಲ್ಲಿಗೆ ಅವಳ ಗಾದಿ ಆ ಒಂದು ಮಾತಿಗೆ ತಗಲಿಕೊಂಡಿತು.

ಗುರುವಾರದ ಸಾಲಿನಲ್ಲಿ ಅವಳ ಪಕ್ಕ ಕೂರುತ್ತಿದ್ದವಳು ಮುನಿಯಕ್ಕ. ಕಲಾಸಿಪಾಳ್ಯದಲ್ಲಿ ಸೊಪ್ಪಿನ ಸಗಟು. ಬೆಳಗಿನ ನಾಲ್ಕಕ್ಕೆ ಕೊತ್ತಂಬರಿ ಮೂಟೆ ಇಳಿಸಿಕೊಂಡು, ಹತ್ತಕ್ಕೆ ಆಸ್ಪತ್ರೆಗೆ ಬಂದು ಕೂರುವವಳು. ಅವಳಿಗೂ ಲೂಪಸ್, ಅವಳೂ ರಕ್ತ ಕೊಟ್ಟವಳು.

"ಏನ್ ಬಳೆಯಮ್ಮ, ಇವತ್ತು ಎಷ್ಟು ಟ್ಯೂಬು?"

"ಮೂರು."

"ನಂದೂ ಮೂರು. ನಮ್ಮೂರ ತಿಗಣೆ ವಾಸಿ ಕಣಮ್ಮಿ, ರಾತ್ರೆ ಮಾತ್ರ ಕುಡಿಯೋದು."

ಆರನೆಯ ಸಲದ ರಕ್ತ ಹೋಯಿತು. ಒಂದು ತಿಂಗಳು, ಎರಡು ತಿಂಗಳು. ಮಹಾನಂದ ಫೋನು ಮಾಡಿದರೆ ಆಫೀಸಿನವರು "ಸ್ಟಡಿ ಮುಗಿದಿದೆ ಮೇಡಂ" ಅಂದರು. ಏನು ಬಂತು ಅಂದರೆ "ಅದು ಕಾನ್ಫಿಡೆನ್ಷಿಯಲ್." ಯಾರಿಂದ ಗುಟ್ಟು? ನನ್ನ ರಕ್ತದ ಗುಟ್ಟು ನನ್ನಿಂದಲೇ? ಕೇಳುವಷ್ಟರಲ್ಲಿ ಅವರು ಫೋನು ಇಟ್ಟಿದ್ದರು.

ಶಿವರುದ್ರಪ್ಪನವರು ಊಟಕ್ಕೆ ಕೂತಾಗಲೆಲ್ಲ ಕೇಳತೊಡಗಿದರು. "ಮಾತು ಬಂತೇನವ್ವ?" ಮೊದಮೊದಲು ಕೇಳಿದ್ದು ನಿಜವಾಗಿ. ಆಮೇಲಾಮೇಲೆ ಚುಚ್ಚಲು. ಮಾದರಿ ಒಯ್ದವನು ಬಾರದಿದ್ದರೆ ಪೇಟೆಯಲ್ಲಿ ಅರ್ಥ ಒಂದೇ: ಮಾಲು ಬೇಡ ಅನ್ನಲೂ ಯೋಗ್ಯವಲ್ಲ. ಅಕ್ಟೋಬರಿನ ಒಂದು ದಿನ ಅವರು ಪೇಪರು ಹಿಡಿದುಕೊಂಡು ಗೋಡೌನಿಗೇ ಬಂದರು. ಈ ತಡೆಯುವ ಕೋಶಗಳನ್ನು ಕಂಡುಹಿಡಿದ ವಿಜ್ಞಾನಿಗಳಿಗೆ ಆ ವರ್ಷದ ನೊಬೆಲ್ ಬಂದಿತ್ತು.

"ನೋಡಿಲ್ಲಿ, ನಿನ್ನ ಕಣಗಳಿಗೆ ಬಹುಮಾನ ಬಂದಿದೆ. ಜಗತ್ತಿಗೆಲ್ಲ ಮಾತು ಬಂತು, ನಮ್ಮ ಮನೆಗೆ ಮಾತ್ರ ಬರ್ಲಿಲ್ಲ. ಆರು ಸಲ ಮಾದರಿ ಕೊಟ್ಟೋಳು ನೀನು." ಪೇಪರು ಮಡಿಚಿ ಕಂಕುಳಿಗೆ ಸಿಕ್ಕಿಸಿಕೊಂಡು, "ನಾಳೆಯಿಂದ ಕಷಾಯ ಶುರು ಮಾಡು" ಅಂದು ಹೋದರು.

ಮರುದಿನವೇ ಗುರುವಾರ. ಮಹಾನಂದ ನೇರ ವಸಿಷ್ಠನ ಕೋಣೆಗೆ ಹೋದಳು. ಅವನು ಇರಲಿಲ್ಲ. ಹೊರಗಿನ ಗೋಡೆಯ ಮೇಲೆ ಒಂದಾಳೆತ್ತರದ ಹಾಳೆ ಅಂಟಿಸಿತ್ತು; ಯಾವುದೋ ದೇಶದ ಸಮ್ಮೇಳನದಲ್ಲಿ ತೂಗುಹಾಕಿ ತಂದದ್ದು. ಇಂಗ್ಲಿಷಿನಲ್ಲಿ ಲೂಪಸ್ ಎಂಬ ಪದ ಓದಿಕೊಂಡಳು. ಕೆಳಗೆ ಕಪ್ಪು ಚುಕ್ಕೆಗಳು, ಕೆಂಪು ಚುಕ್ಕೆಗಳು. ಮೂಲೆಯಲ್ಲಿ ಅದೇ ಹಾಳೆಯ ಪಕ್ಕ ನಿಂತು ನಗುತ್ತಿರುವ ವಸಿಷ್ಠನ ಫೋಟೋ. ಅಷ್ಟರಲ್ಲಿ ಅವನೇ ಬಂದ.

"ಚುಕ್ಕೆ ಅಂದ್ರೆ ಏನು ಸಾರ್?"

"ಒಂದೊಂದು ಚುಕ್ಕೆ ಒಬ್ಬೊಬ್ಬ ಪೇಷೆಂಟ್, ಅಮ್ಮ. ಕಪ್ಪು ಆರೋಗ್ಯವಂತರು. ಕೆಂಪು..."

"ಕೆಂಪು ನಾವು. ನಂದು ಯಾವುದು?"

ಅವನು ನಕ್ಕ. ತಮಾಷೆ ಅಂದುಕೊಂಡಿದ್ದ. "ಅದೆಲ್ಲ ಹಾಗೆ ಹೇಳೋಕೆ ಬರಲ್ಲಮ್ಮ. ರೂಲ್ಸ್ ಇದೆ. ಫಾರಮ್ಮಲ್ಲೇ ಬರೆದಿತ್ತಲ್ಲ, ಒಬ್ಬೊಬ್ಬರ ರಿಸಲ್ಟ್ ಕೊಡಲ್ಲ ಅಂತ."

"ಹೇಳೋಣ ಅಂದ್ರಿ ನೀವು. ಬಾಯಲ್ಲಿ ಅಂದ್ರಿ."

"ಅಂದಿರಬಹುದು. ಆದ್ರೆ ಸಹಿ ಹಾಕಿದೀರಲ್ಲ."

"ಹಾಕಿದೀನಿ. ನಿಮ್ಮ ಮಾತು ನಂಬಿ ಹಾಕಿದೀನಿ! ಒಂದು ಡಜನ್ ಗಾಜಿನ ಬಳೆ ಒಯ್ದೋನು ಎರಡು ದಿನಕ್ಕೆ ವಾಪಸ್ ಬಂದು ಮಾತು ಹೇಳ್ತಾನೆ ನಮ್ಮ ಬೀದೀಲಿ. ನೀವು ಒಯ್ದಿದ್ದು ನನ್ನ ರಕ್ತ. ಅದನ್ನ ಯಾವ ದೇಶದಲ್ಲೋ ನೇತುಹಾಕಿ ಫೋಟೋ ತೆಗೆಸ್ಕೊಂಡು ಬಂದಿದೀರ. ನಾನು ಇಲ್ಲಿ ಗೋಡೌನಲ್ಲಿ ಕೂತು ಕಾಯ್ತಿದೀನಿ."

ಸೆಕ್ಯುರಿಟಿಯವನು ಎದ್ದು ನಿಂತ. ವಸಿಷ್ಠನ ಮುಖ ಕೆಂಪಾಯಿತು. "ಮುಂದಿನ ಹಂತ ಶುರುವಾಗುತ್ತೆ, ಆಗ ನೋಡೋಣಮ್ಮ" ಎಂದು ಒಳಗೆ ಹೋದ.

ಮುಂದಿನ ಹಂತ. ಅಂದರೆ ಇನ್ನೂ ರಕ್ತ ಬೇಕು. ಮಹಾನಂದಳಿಗೆ ಅಲ್ಲೇ ಹೊಳೆಯಿತು: ಇವರಿಗೆ ಬೇಕಾದದ್ದು ನಮ್ಮ ತೋಳಿನಲ್ಲಿದೆ.

ಅವಳು ಮನೆಗೆ ಹೋಗಿ ಬೀರುವಿನಿಂದ ಫಾರಮ್ಮಿನ ತನ್ನ ಪ್ರತಿ ತೆಗೆದುಕೊಂಡು ಸೀದಾ ಕಲಾಸಿಪಾಳ್ಯಕ್ಕೆ ಹೋದಳು. ಮುನಿಯಕ್ಕನ ಮಗಳು ರಕ್ಷಿತಾ ಬಿ.ಕಾಂ. ಓದುತ್ತಿದ್ದಳು, ಸೊಪ್ಪಿನ ಮೂಟೆಯ ಮೇಲೆ ಕೂತು ಅವಳು ಆ ನಾಲ್ಕು ಪುಟವನ್ನು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ಮೂರನೆಯ ಪುಟದಲ್ಲಿ ವಸಿಷ್ಠ ಹೇಳಿದ ಸಾಲು ಇತ್ತು, ನಿಜ. ನಾಲ್ಕನೆಯ ಪುಟ ತಿರುಗಿಸಿದಾಗ ಮುನಿಯಕ್ಕ ಅಡ್ಡ ಬಾಯಿ ಹಾಕಿದಳು.

"ಜಗಳ ಮಾಡಿದ್ರೆ ಮಾತ್ರೆ ನಿಲ್ಲುಸ್ಬುಟ್ರೆ? ನಂಗೆ ಕಿಡ್ನಿ ಐತೆ ಕಣಮ್ಮ. ವ್ಯಾಪಾರ ಬುಟ್ಟೇನು, ಮಾತ್ರೆ ಬುಟ್ಟು ಬದುಕಕ್ಕಾಗಕಿಲ್ಲ."

ರಕ್ಷಿತಾ ಬೆರಳಿಟ್ಟು ತೋರಿಸಿದಳು. "ಇಲ್ಲಿದೆ ನೋಡಮ್ಮ. ಯಾವಾಗ ಬೇಕಾದ್ರೂ ಸ್ಟಡಿ ಬಿಡಬಹುದು, ಬಿಟ್ರೆ ನಿಮ್ಮ ಟ್ರೀಟ್‌ಮೆಂಟಿಗೆ ಏನೂ ತೊಂದರೆ ಮಾಡಂಗಿಲ್ಲ. ಅವರೇ ಬರ್ಕೊಂಡಿದಾರೆ."

"ಇನ್ನೊಂದ್ ಸತಿ ಓದು."

ಮೂರು ಸಲ ಓದಿಸಿದರು. ಮಹಾನಂದಳಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಎರಡು ವರ್ಷದಿಂದ ಈ ಸಾಲು ತನ್ನ ಬೀರುವಿನಲ್ಲಿ ಬಿದ್ದಿತ್ತು.

ಮುಂದಿನ ಗುರುವಾರ ಅವರು ಯಾರ ಮೇಲೂ ಕೂಗಲಿಲ್ಲ. ಬೋರ್ಡು ಬರೆಯಲಿಲ್ಲ. ಎಂದಿನ ಹಾಗೆ ಸಾಲಿನಲ್ಲಿ ಕೂತು, ಡಾಕ್ಟರಿಗೆ ತೋರಿಸಿ, ಮಾತ್ರೆ ಚೀಟಿ ಬರೆಸಿಕೊಂಡರು. ಮುಂದಿನ ಹಂತದ ರಕ್ತಕ್ಕೆ ಹೆಸರು ಕರೆದಾಗ ಮಹಾನಂದ ಎದ್ದು, ಸೆರಗನ್ನು ತೋಳಿನ ಮೇಲೆ ಎಳೆದುಕೊಂಡು, "ಕೊಡಲ್ಲ" ಅಂದಳು. "ಹಿಂದಿನ ಆರು ಸಲದ ಮಾತು ಕನ್ನಡದಲ್ಲಿ ಹೇಳಿ. ಆಮೇಲೆ ಏಳನೇದು."

ಎರಡನೆಯ ಹೆಸರು ಮುನಿಯಕ್ಕನದು. "ನಂದೂ ಇಲ್ಲ ಕಣಪ್ಪೋ. ಉದ್ರಿ ಬಂದ್."

ಮೂರನೆಯವಳು ಯಾರೋ ಕಾಲೇಜು ಹುಡುಗಿ, ಇವರಿಗೆ ಗುರುತೂ ಇರಲಿಲ್ಲ. ಇವರನ್ನೇ ನೋಡುತ್ತ ನಿಂತಿದ್ದು, ಮೇಲಕ್ಕೆ ಮಡಿಚಿದ್ದ ಅಂಗಿಯ ತೋಳನ್ನು ಕೆಳಗಿಳಿಸಿಕೊಂಡು ವಾಪಸು ಹೋಗಿ ಕೂತಳು. ಅವತ್ತು ಇಪ್ಪತ್ತಮೂರು ಜನರಲ್ಲಿ ರಕ್ತ ಕೊಟ್ಟವರು ನಾಲ್ವರು. ಅದರ ಮುಂದಿನ ವಾರ ಒಬ್ಬರೂ ಇಲ್ಲ.

ಮೊದಲು ಬೆದರಿಕೆ ಬಂತು, "ನಿಮ್ಮ ಒಳ್ಳೇದಕ್ಕೇ ಮಾಡ್ತಿರೋದು" ಅಂತ. ಆಮೇಲೆ ಬೆಣ್ಣೆ. ಒಬ್ಬ ದೊಡ್ಡ ಡಾಕ್ಟರು ಬಂದು, "ಇದೆಲ್ಲ ನಿಮಗೆ ಅರ್ಥ ಆಗಲ್ಲಮ್ಮ, ತುಂಬ ಕಾಂಪ್ಲಿಕೇಟೆಡ್" ಅಂದರು. ಮಹಾನಂದ, "ರಕ್ತ ಕೊಡೋವಾಗ ಅರ್ಥ ಆಗಿದ್ದು ಈಗ್ಯಾಕೆ ಆಗಲ್ಲ ಸಾರ್?" ಎಂದು ಕೇಳಿದಳು. ಅವರು ಗಡಿಯಾರ ನೋಡಿಕೊಂಡರು. ಆರು ವಾರ ಹೀಗೇ ಕಳೆಯಿತು. ಮಂಡಿ ನೋವು ಹೆಚ್ಚಾಗಿ, ಆಟೋದಿಂದ ಇಳಿಯುವಾಗ ಅವಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮನೆಯಲ್ಲಿ ಕಷಾಯದ ಲೋಟ ದಿನವೂ ಮೇಜಿನ ಮೇಲೆ ಬಂದು ಕೂರುತ್ತಿತ್ತು; ಅವಳು ಮುಟ್ಟುತ್ತಿರಲಿಲ್ಲ. ಬಸವಪ್ರಭು ಅದನ್ನು ಅಪ್ಪನಿಗೆ ಕಾಣದ ಹಾಗೆ ಬಚ್ಚಲಿಗೆ ಚೆಲ್ಲುತ್ತಿದ್ದ. ಅವನ ಗಂಡಸುತನಕ್ಕೆ ಆಗುತ್ತಿದ್ದದ್ದು ಅಷ್ಟೇ.

ಕಡೆಗೆ ಆಸ್ಪತ್ರೆಯ ನೀತಿ ಸಮಿತಿಯವರು ಕೂತು ಒಪ್ಪಿದರು. ಬೇಕು ಅಂದವರಿಗೆ ಅವರವರ ಫಲಿತಾಂಶ, ಕನ್ನಡದಲ್ಲಿ, ಒಂದು ಹಾಳೆ. ಜನವರಿಯ ಒಂದು ಬೆಳಗ್ಗೆ ವಿದ್ಯಾರ್ಥಿಗಳ ಪಾಠದ ಕೋಣೆಯಲ್ಲಿ ಹತ್ತೊಂಬತ್ತು ಹೆಂಗಸರು ಬೆಂಚಿನ ಮೇಲೆ ಕೂತರು. ವಸಿಷ್ಠ ಎದುರಿಗೆ ನಿಂತ.

"ಮೊದಲು ಒಂದು. ಹೇಳ್ತೀನಿ ಅಂದಿದ್ದೆ, ಹೇಳ್ಲಿಲ್ಲ. ತಪ್ಪು ನಂದು."

"ತಪ್ಪು ಅಂದ್ಬಿಟ್ರೆ ನನ್ನ ಎಂಟು ತಿಂಗಳು ವಾಪಸ್ ಬರುತ್ತಾ? ಮುಂದಕ್ಕೆ ಹೇಳಿ" ಅಂದಳು ಮಹಾನಂದ.

ಹೇಳಿದ. ತಡೆಯುವ ಕೋಶಗಳು ಲೂಪಸ್‌ನವರಲ್ಲಿ ಕಡಿಮೆ ಇರುತ್ತವೆ ಎಂದು ಕೆಲವು ಕಡೆ ಕಂಡಿದೆ, ಸಮ ಇವೆ ಎಂದು ಕೆಲವು ಕಡೆ, ಜಾಸ್ತಿ ಇವೆ ಎಂದೂ ಇದೆ. ಇಲ್ಲಿ ಕೆಲವರಲ್ಲಿ ಕಡಿಮೆ ಇದ್ದವು. ಹದಿನಾಲ್ಕನೆಯ ನಂಬರಿನವರಲ್ಲಿ, ಅಂದರೆ ಮಹಾನಂದಳಲ್ಲಿ, ಎಣಿಕೆಯಲ್ಲಿ ಏನೂ ಕೊರತೆ ಇಲ್ಲ.

"ಕಮ್ಮಿ ಇಲ್ವಾ?" ಅವಳು ಎದ್ದು ನಿಂತಳು. "ಮತ್ತೆ?"

"ಕೆಲಸ ಆಗ್ತಿಲ್ಲ. ಗಾಜಿನ ತಟ್ಟೇಲಿ ನಿಮ್ಮ ತಡೆಯೋ ಕೋಶ, ಹೊಡೆಯೋ ಕೋಶ ಎರಡನ್ನೂ ಒಟ್ಟಿಗೆ ಬಿಟ್ಟು ನೋಡಿದ್ವಿ. ತಡೆಯೋವು ನಿಲ್ಲಿಸೋಕೆ ನೋಡ್ತವೆ, ಪೂರ್ತಿ ಆಗಲ್ಲ. ಆಮೇಲೆ ಆರೋಗ್ಯವಾಗಿರೋರ ತಡೆಯೋ ಕೋಶ ತಂದು ನಿಮ್ಮ ಹೊಡೆಯೋ ಕೋಶದ ಜತೆ ಬಿಟ್ವಿ. ಆಗಲೂ ಅವು ಮಾತು ಕೇಳ್ಲಿಲ್ಲ. ಅಂದ್ರೆ ತಡೆಯೋರ ಸುಸ್ತು ಒಂದು, ಕೇಳೋರ ಮೊಂಡುತನ ಇನ್ನೊಂದು."

ಮುನಿಯಕ್ಕ ತೊಡೆ ತಟ್ಟಿದಳು. "ನಮ್ ಮಾರ್ಕೆಟ್ ಥರ. ಗಾಡಿ ತೆಗಿಯಿರಿ ಅನ್ನೋರು ದಂಡಿಯಾಗವ್ರೆ, ತೆಗಿಯೋ ಬಡ್ಡೀಮಕ್ಳೇ ಇಲ್ಲ." ಕೋಣೆಯೆಲ್ಲ ನಕ್ಕಿತು. ವಸಿಷ್ಠನೂ ನಕ್ಕ.

"ಸುಸ್ತು ಯಾಕೆ ಸಾರ್ ಅವಕ್ಕೆ?" ಎಂದಳು ಕಾಲೇಜು ಹುಡುಗಿ.

"ಅವು ಬದುಕೋಕೆ ಒಂದು ಸಂದೇಶ ಬೇಕು, ಅವಕ್ಕೆ ಅದೇ ಊಟ ಇದ್ದ ಹಾಗೆ. ಲೂಪಸ್‌ನಲ್ಲಿ ಅದು ಸಾಕಷ್ಟು ಸಿಗಲ್ಲ. ಅದನ್ನ ಸ್ವಲ್ಪ ಸ್ವಲ್ಪ ಸೂಜೀಲಿ ಕೊಟ್ಟು ನೋಡೋ ಪ್ರಯತ್ನಗಳು ಬೇರೆ ಬೇರೆ ಕಡೆ ನಡೀತಿವೆ. ಗುಣ ಆಗುತ್ತಾ ಅಂದ್ರೆ, ಗೊತ್ತಿಲ್ಲ."

ಗೊತ್ತಿಲ್ಲ. ಐದು ವರ್ಷದಲ್ಲಿ ಒಬ್ಬ ಡಾಕ್ಟರು ಮಹಾನಂದಳ ಎದುರು ಈ ಮಾತು ಹೇಳಿದ್ದು ಅದೇ ಮೊದಲು. ಸೋಪು ಅಂದವನಿಗೆ, ಟೆನ್ಷನ್ ಅಂದವನಿಗೆ ಇದು ಬಾಯಿಗೆ ಬಂದಿದ್ದರೆ ರೋಗ ಅವಳ ಮೂತ್ರಪಿಂಡಕ್ಕೆ ಏರುತ್ತಿರಲಿಲ್ಲವೋ ಏನೋ. ಹಾಗೆಂದು ಅವಳು ಕರಗಲಿಲ್ಲ. ಹಾಳೆ ಇಸಿದುಕೊಂಡು, ಪ್ರತಿ ಸಾಲನ್ನೂ ಓದಿ, "ಕಷಾಯ ಕೂಡದು, ಈ ಕಾಯಿಲೆ ಅಂಟುವುದಿಲ್ಲ ಅಂತ ಕೆಳಗೆ ಬರೆದು ಸಹಿ ಹಾಕಿ" ಅಂದಳು. ವಸಿಷ್ಠ ಹಾಕಿದ. ಈ ಸಲ ಓದಿದ್ದು ಅವಳು, ಸಹಿ ಹಾಕಿದ್ದು ಅವನು.

ಶಿವರುದ್ರಪ್ಪನವರು ಗಾದಿಯ ಮೇಲೆ ಒಬ್ಬರೇ ಇದ್ದರು. ಮಹಾನಂದ ಚಪ್ಪಲಿ ಬಿಟ್ಟು ಎದುರಿಗೆ ನಿಂತು ಹಾಳೆ ಕೊಟ್ಟಳು.

"ಮಾತು ಬಂತು ಮಾವ."

ಅವರು ಕನ್ನಡಕ ಏರಿಸಿ ನಿಧಾನವಾಗಿ ಓದಿದರು. "ಕಮ್ಮಿ ಇಲ್ಲ ಅಂತ ಬರೆದಿದಾನೆ."

"ಕಮ್ಮಿ ಇಲ್ಲ. ನನ್ನ ಮೈಯಲ್ಲಿ ಏನೂ ಕಮ್ಮಿ ಇಲ್ಲ. ತಡೆಯೋರು ಇದಾರೆ, ಅವರ ಮಾತು ನಡೀತಿಲ್ಲ. ಉಪವಾಸಕ್ಕೂ ಕಷಾಯಕ್ಕೂ ಇದಕ್ಕೂ ಸಂಬಂಧ ಇಲ್ಲ."

"ಹಾಗಾದ್ರೆ ಔಷಧಿ?"

"ಈಗ ತಗೋತಿರೋದೇ. ಬೇರೆಯದು ಅವರಿಗೂ ಗೊತ್ತಿಲ್ಲ. ಹುಡುಕ್ತಿದಾರೆ."

"ಗೊತ್ತಿಲ್ಲ ಅನ್ನೋಕೆ ಆರು ಸಲ ರಕ್ತ ಬೇಕಾಯ್ತಾ?"

"ನಿಮಗೆ ಗೊತ್ತು ಅಂತ ಎರಡು ವರ್ಷ ಕುಡಿಸಿದ್ರಲ್ಲ ಮಾವ. ಅದಕ್ಕಿಂತ ವಾಸಿ."

ಇಪ್ಪತ್ತೆರಡು ವರ್ಷದಲ್ಲಿ ಅವಳು ಅವರ ಎದುರು ಹೀಗೆ ಮಾತಾಡಿರಲಿಲ್ಲ. ಗೋಡೌನಿನ ಬಾಗಿಲಲ್ಲಿ ಬಸವಪ್ರಭು ಪೆಟ್ಟಿಗೆ ಹಿಡಿದು ಹಾಗೇ ನಿಂತ. ಶಿವರುದ್ರಪ್ಪನವರ ದವಡೆ ಆಡುತ್ತಿತ್ತು. ಸಿಟ್ಟು ಇತ್ತು. ಆದರೆ ಕಟ್ಟಳೆಯೂ ಇತ್ತು, ಬಾಯಿಬಿಟ್ಟು ಒಪ್ಪಿದ್ದವರು ಅವರೇ. ಹಾಳೆಯನ್ನು ಮಡಿಚಿ ವಾಪಸು ಕೊಟ್ಟು, ಒಂದು ಮಾರು ಆಚೆ ಸರಿದು ಕೂತರು. ಅವಳು ಹತ್ತಿ ಕೂತಳು. ಬೀದಿಯ ಬಿಸಿಲು ನೇರ ಮುಖಕ್ಕೆ ಹೊಡೆಯಿತು. "ನೋಡ್ತಾ ನಿಂತಿದೀರಲ್ಲ, ಮುಂದಕ್ಕೆ ಒಂದು ತಾಡಪಾಲು ಕಟ್ಟಿಸ್ರಿ" ಎಂದು ಗಂಡನಿಗೆ ಹೇಳಿದಳು. ಅವನು ಪೆಟ್ಟಿಗೆ ಇಳಿಸಿ ಹಗ್ಗ ಹುಡುಕಲು ಹೋದ.

ಮಧ್ಯಾಹ್ನ ಮಲ್ಲೇಶ್ವರದಿಂದ ಒಬ್ಬಾಕೆ ಮಗಳ ಮದುವೆಯ ಬಳೆಗೆ ಬಂದಳು. ಮಹಾನಂದಳ ಕೆನ್ನೆಯ ಕೆಂಪು ನೋಡಿದವಳೇ ಮಗಳ ಭುಜ ಹಿಡಿದು ನಿಲ್ಲಿಸಿ, ಶಿವರುದ್ರಪ್ಪನವರ ಕಡೆಗೆ ತಿರುಗಿದಳು.

"ಇದು... ಅಂಟೋದೇನಲ್ಲ ಅಲ್ವಾ?"

ಮಹಾನಂದ ಬಾಯಿ ತೆರೆಯುವ ಮೊದಲೇ ಮಾವ ಗುಡುಗಿದರು. "ಅಂಟೋ ಹಾಗಿದ್ರೆ ಇಷ್ಟು ವರ್ಷ ಅವಳ ಕೈ ಅಡುಗೆ ಉಂಡ ನನಗೆ ಅಂಟ್ತಿರ್ಲಿಲ್ವೇನಮ್ಮ? ಬಳೆ ಬೇಕಿದ್ರೆ ಕೂತ್ಕೊಳ್ಳಿ. ಬೇಡ್ದಿದ್ರೆ ಬೀದಿ ಉದ್ದಕ್ಕಿದೆ."

ಆಕೆ ಪೆಚ್ಚಾಗಿ ಕೂತಳು. ಶಿವರುದ್ರಪ್ಪನವರು ಸೊಸೆಯ ಕಡೆ ಓರೆಗಣ್ಣಿನಲ್ಲಿ ನೋಡಿದರು. ದೊಡ್ಡ ಉಪಕಾರ ಮಾಡಿದ ಮುಖ.

ಮಹಾನಂದ ನಗಲಿಲ್ಲ. "ಈ ಮಾತು ಮೂರು ವರ್ಷದ ಹಿಂದೆ ಎಲ್ಲಿತ್ತು ಮಾವ?" ಅಂದಳು, ಗಿರಾಕಿಗಳ ಎದುರಿಗೇ.

ಅವರು ಹಣೆಯ ವಿಭೂತಿ ಸರಿ ಮಾಡಿಕೊಂಡರು. ಅವಳು ಹುಡುಗಿಯ ಕಡೆಗೆ ತಿರುಗಿ, ಯಾವ ಬಣ್ಣ ಬೇಕು ಎಂದು ಕೇಳಿದಳು.